‘ಯಾವುದೂ ಇಲ್ಲ’ ಎಂದು ಒತ್ತಿದ ದಿನಗಳು

ನನ್ನ ಕೆಲಸ ಏನೆಂದು ಕೊಟ್ಟೂರಿನಲ್ಲಿ ಒಬ್ಬರಿಗೆ ಹೇಳಿ ತಿಳಿಸುವಷ್ಟರಲ್ಲಿ ಕೈಯಲ್ಲಿದ್ದ ಚಹಾ ಆರಿಹೋಗುತ್ತದೆ. ಕಂಪ್ಯೂಟರಿಗೆ ಫಾರ್ಸಿ ಕಲಿಸುತ್ತೇನೆ ಎಂದರೆ, ಕಂಪ್ಯೂಟರಿಗೆ ಯಾಕೆ ಫಾರ್ಸಿ ಎಂದು ಕೇಳುತ್ತಾರೆ. ಇರಾನಿನವರಿಗೆ ಬೇಕಲ್ಲ ಎಂದರೆ, ಅಲ್ಲಿ ಯಾರೂ ಸಿಗಲಿಲ್ಲವೇ, ಕೊಟ್ಟೂರಿಗೇ ಬರಬೇಕಾಯಿತೇ ಎನ್ನುತ್ತಾರೆ. ಪ್ರಶ್ನೆ ಸರಿಯಾದದ್ದೇ. ನಮ್ಮವರು, ಅಂದರೆ ನನ್ನ ಗಂಡ, ಮಾತ್ರ ಇದನ್ನೆಲ್ಲ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ಉಜ್ಜಿನಿ ರಸ್ತೆಯಲ್ಲಿ ಅವರದು ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ ಹೊತ್ತು ತಂದ ರೈತರು ಮನೆಯವರು ಏನು ಮಾಡುತ್ತಾರೆ ಎಂದು ಕೇಳಿದರೆ, ತಾಮ್ರದ ತಂತಿ ಸುತ್ತುತ್ತಲೇ, "ಇರಾನಿನವರಿಗೆ ಸಿಟ್ಟು ಬಂದೈತೋ ಇಲ್ಲೋ ನೋಡಿ ಹೇಳ್ತಾಳ್ರಿ" ಎನ್ನುತ್ತಿದ್ದರು. ರೈತರು ತಲೆಯಾಡಿಸುತ್ತಿದ್ದರು. ತಮಾಷೆಗೆ ಹೇಳಿದ್ದಾದರೂ ಅದು ಹೆಚ್ಚುಕಡಿಮೆ ನಿಜವೇ.

ನಾನು ಹುಟ್ಟಿ ಬೆಳೆದದ್ದು ಕೂಡ್ಲಿಗಿಯಲ್ಲಿ. ಹೈದರಾಬಾದಿನಲ್ಲಿ ಭಾಷಾವಿಜ್ಞಾನ ಓದುವಾಗ ಒಂದು ಹೊರಭಾಷೆಯನ್ನು ಕಲಿಯಲೇಬೇಕಿತ್ತು. ಜರ್ಮನ್ ತರಗತಿ ಬೆಳ್ಳಂಬೆಳಗ್ಗೆ, ಫಾರ್ಸಿ ತರಗತಿ ಊಟವಾದ ಮೇಲೆ. ಬೆಳಗ್ಗೆ ಏಳಲು ಬೇಸರವಾಗಿ ನಾನು ಫಾರ್ಸಿಗೆ ಸೇರಿದೆ. ಸಂದರ್ಶನಗಳಲ್ಲಿ ಇದಕ್ಕಿಂತ ಘನವಾದ ಕಾರಣಗಳನ್ನು ಹೇಳಿದ್ದೇನೆ, ಅವೆಲ್ಲ ಆಮೇಲೆ ಹೊಂದಿಸಿಕೊಂಡವು. ಸೇರಿದ ಮೇಲೆ ಹಿಡಿಸಿತು. ದರ್ಜಿ, ದವಾಖಾನೆ, ಜಮೀನು, ದರ್ಬಾರು ಎಂದು ಅಪ್ಪ ದಿನಾ ಆಡುತ್ತಿದ್ದ ಮಾತುಗಳು ಅಲ್ಲಿ ಬೇರೆ ಅಂಗಿ ತೊಟ್ಟುಕೊಂಡು ಎದುರಾಗುತ್ತಿದ್ದವು.

ಮದುವೆಯಾಗಿ ಕೊಟ್ಟೂರಿಗೆ ಬಂದ ಮೇಲೆ ಕೆಲವು ವರ್ಷ ಹಗರಿಬೊಮ್ಮನಹಳ್ಳಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಅದರ ಜೊತೆಗೆ ಯಾರು ಯಾವ ಸಂಶೋಧನೆಯ ಚೂರುಪಾರು ಕೊಟ್ಟರೂ ಮಾಡುತ್ತಿದ್ದೆ. ಸಂತೆಯಲ್ಲಿ ಜನ ಕೈಸನ್ನೆಯಿಂದ ಹೇಗೆ ಚೌಕಾಸಿ ಮಾಡುತ್ತಾರೆ ಎಂಬ ಯಾರದೋ ಪಿಎಚ್‌ಡಿಗಾಗಿ ಕೂಡ್ಲಿಗಿ ಸಂತೆಯಲ್ಲಿ ವೀಡಿಯೊ ತೆಗೆಯಲು ಹೋಗಿ ಮೆಣಸಿನಕಾಯಿ ಮಾರುವವಳ ಹತ್ತಿರ ಚೆನ್ನಾಗಿ ಬೈಸಿಕೊಂಡಿದ್ದೇನೆ. ಹಳೆಯ ಕಂದಾಯದ ಕಾಗದಗಳಲ್ಲಿದ್ದ ಫಾರ್ಸಿ ಪದಗಳಿಗೆ ಅರ್ಥ ಬರೆದುಕೊಟ್ಟಿದ್ದೇನೆ. ಆ ದಾರಿಯಲ್ಲೇ ಈ ಕೆಲಸವೂ ಸಿಕ್ಕಿತು. ಪರದೇಶದ ಒಂದು ವಿಶ್ವವಿದ್ಯಾಲಯದಲ್ಲಿ ಇರಾನಿ ಪ್ರೊಫೆಸರ್ ಒಬ್ಬರು ಇದನ್ನು ನಡೆಸುತ್ತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು, ಮೆಲುದನಿಯ ಹೆಂಗಸು.

ಕೆಲಸ ಕೇಳಲು ಸುಲಭ. ಇರಾನಿನ ಜನ ಅಂತರ್ಜಾಲದಲ್ಲಿ ಬರೆದ ಅಭಿಪ್ರಾಯಗಳು ಒಂದೊಂದಾಗಿ ಪರದೆಯ ಮೇಲೆ ಬರುತ್ತವೆ. ಕುಕ್ಕರ್ ಹೇಗಿದೆ, ಹೊದಿಕೆ ಬೆಚ್ಚಗಿದೆಯೇ, ಹಲ್ಲಿನ ಡಾಕ್ಟರು ನೋಯಿಸಿದರೇ, ಬಸ್ಸು ಎಷ್ಟು ತಡವಾಯಿತು, ಇಂಥವೇ. ಕೆಳಗೆ ಐದು ಬಟನ್: ಸಂತೋಷ, ದುಃಖ, ಸಿಟ್ಟು, ಭಯ, ಯಾವುದೂ ಇಲ್ಲ. ಓದಬೇಕು, ಬರೆದವರ ಮನಸ್ಸಿನಲ್ಲಿ ಏನಿದೆಯೋ ಅದನ್ನು ಒತ್ತಬೇಕು. ಒಂದೇ ವಾಕ್ಯವನ್ನು ಮೂರು ಜನ ಬೇರೆ ಬೇರೆ ಕೂತು ಓದುತ್ತೇವೆ. ಇಬ್ಬರು ಇರಾನಿನವರೇ, ಮೂರನೆಯವಳು ನಾನು. ಪುಸ್ತಕದಿಂದ ಭಾಷೆ ಕಲಿತ ಹೊರಗಿನವಳ ಕಣ್ಣೂ ಒಂದಿರಲಿ ಎಂದು ಪ್ರೊಫೆಸರ್ ನನ್ನನ್ನು ಸೇರಿಸಿಕೊಂಡಿದ್ದರು. ಒಬ್ಬರು ಒತ್ತಿದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ, ನಮ್ಮ ನಮ್ಮಲ್ಲಿ ಮಾತಾಡಿಕೊಳ್ಳುವಂತೆಯೂ ಇಲ್ಲ. ಕೊನೆಗೆ ಮೂವರ ಉತ್ತರ ಎಷ್ಟು ಹೊಂದುತ್ತದೆ ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಹೊಂದಿದ್ದನ್ನು ನೋಡಿ ಅದು ತಾನೂ ಕಲಿಯುತ್ತದೆ.

ಇದರಲ್ಲಿ ಒಂದು ನಿಯಮ ನಾನೇ ಜಗಳವಾಡಿ ಸೇರಿಸಿದ್ದು. ಫಾರ್ಸಿಯವರು ಉಪಚಾರದ ಮಾತಿನಲ್ಲಿ ಬಲು ಉದಾರಿಗಳು. ತರಕಾರಿ ಕೊಟ್ಟವನಿಗೂ ‘ನಿನಗಾಗಿ ಬಲಿಯಾಗುತ್ತೇನೆ’ ಎನ್ನುತ್ತಾರೆ, ಮುದ್ದು ಬಂದರೆ ‘ನಿನ್ನ ಯಕೃತ್ತು ತಿಂದುಬಿಡುತ್ತೇನೆ’ ಎನ್ನುತ್ತಾರೆ. ಸತ್ತವರ ಮನೆಯಲ್ಲಿ ‘ಇದೇ ನಿಮ್ಮ ಕೊನೆಯ ದುಃಖವಾಗಲಿ’ ಎನ್ನುತ್ತಾರೆ. ಇವೆಲ್ಲ ರೂಢಿಯ ಬಾಯಿಮಾತು, ಇವುಗಳಿಗೆ ‘ಯಾವುದೂ ಇಲ್ಲ’ ಒತ್ತಬೇಕು ಎಂದು ನಾನು ವಾದಿಸಿದೆ. ಉಳಿದಿಬ್ಬರಿಗೆ ಅಷ್ಟು ಒಪ್ಪಿಗೆಯಿಲ್ಲ ಎಂದು ಪ್ರೊಫೆಸರ್ ತಿಳಿಸಿದರು. ಆದರೆ ನಾನು ಹಿಡಿದ ಹಟ ಬಿಡುವವಳಲ್ಲ, ಪ್ರೊಫೆಸರ್ ಕೊನೆಗೆ ಸರಿ ಎಂದರು. ನಿಯಮಗಳ ಕೈಪಿಡಿಯಲ್ಲಿ ಆ ಪುಟ ಬಂದ ದಿನ ನಮ್ಮವರು ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದು, "ಅಂತೂ ಇರಾನಿಗೆ ಕಾನೂನು ಮಾಡಿದಿ ಬಿಡಲೇ" ಎಂದು ನಕ್ಕರು.

ಅವರು ತೀರಿಹೋದದ್ದು ಚಿಗಟೇರಿ ಕಡೆಯ ಒಂದು ಹೊಲದಲ್ಲಿ. ಬೋರ್‌ವೆಲ್ಲಿನಿಂದ ಮೋಟರ್ ಎತ್ತಲು ಹೋಗಿದ್ದರು. ಪೈಪು ಒಂದೊಂದಾಗಿ ಮೇಲೆ ಬರುತ್ತಿರುವಾಗ, ಸ್ವಲ್ಪ ನಿಲ್ಲಿಸ್ರಿ ಎಂದು ಹೇಳಿ ಬೇವಿನ ಮರದ ಕೆಳಗೆ ಕೂತರಂತೆ. ಕೂತವರು ಹಾಗೇ ವಾಲಿದರಂತೆ. ಹೊಲದವರು ಟೆಂಪೊದಲ್ಲಿ ಹಾಕಿಕೊಂಡು ಹರಪನಹಳ್ಳಿಗೆ ಓಡಿದರು, ದಾರಿಯಲ್ಲೇ ಎಲ್ಲ ಮುಗಿದಿತ್ತು. ಹೃದಯ ಎಂದರು. ನನಗೆ ಫೋನ್ ಬಂದಾಗ ನಾನು ಒಂದು ಹೋಟೆಲಿನ ಬಗ್ಗೆ ಯಾರೋ ಬರೆದದ್ದನ್ನು ಓದುತ್ತಿದ್ದೆ. ಫೋನ್ ಇಟ್ಟು, ಆ ವಾಕ್ಯಕ್ಕೆ ‘ಸಿಟ್ಟು’ ಒತ್ತಿ, ಲ್ಯಾಪ್‌ಟಾಪ್ ಮುಚ್ಚಿ, ಒಲೆ ಆರಿಸಿ, ಒಳಗೆ ಹೋಗಿ ಅತ್ತೆಯವರಿಗೆ ಹೇಳಿದೆ. ಹೇಳುವಾಗ ನನ್ನ ದನಿ ಗ್ಯಾಸ್ ಮುಗಿದಿದೆ ಎಂದು ಹೇಳುವಷ್ಟೇ ಸಮವಾಗಿತ್ತು.

ನಮ್ಮ ಕಡೆ ಸತ್ತವರ ಮನೆಯಲ್ಲಿ ಹೆಂಗಸರು ಹಾಡ್ಯಾಡಿಕೊಂಡು ಅಳುತ್ತಾರೆ. ಮಾತಾಡಿಸಲು ಬಂದವರು ಹೊಸ್ತಿಲು ದಾಟುತ್ತಿದ್ದಂತೆ ಮನೆಯ ಹೆಂಗಸು ದನಿ ಎತ್ತಬೇಕು. ಸತ್ತವರನ್ನೇ ಕರೆದು, ಇಂಥವರು ಬಂದಿದ್ದಾರೆ, ಏಳು, ಕಾಲಿಗೆ ನೀರು ಕೊಡು ಎಂದು ರಾಗದಲ್ಲಿ ಹೇಳಬೇಕು. ಬಂದ ಹೆಂಗಸರು ತಬ್ಬಿಕೊಂಡು ದನಿ ಕೂಡಿಸುತ್ತಾರೆ. ಗಂಡಸರು ಹೊರಗೆ ಕೂತು ನೆಲ ನೋಡುತ್ತಾರೆ. ಒಂದಷ್ಟು ಹೊತ್ತಾದ ಮೇಲೆ ಯಾರಾದರೂ ಸಾಕವ್ವ ಎನ್ನುತ್ತಾರೆ, ಅಳು ನಿಲ್ಲುತ್ತದೆ, ಚಹಾ ಬರುತ್ತದೆ. ನಮ್ಮ ಅತ್ತೆಯವರು ಇದರಲ್ಲಿ ಹೆಸರಾದವರು. ಮಗನನ್ನು ಹೊಲದಲ್ಲಿ ಮಣ್ಣು ಮಾಡಿ ಬಂದ ದಿನದಿಂದ ಬಂದವರಿಗೆಲ್ಲ ಅವರು ಹಾಡಿದರು. ಉಚ್ಚಂಗಿದುರ್ಗದ ಮಾವ ಬಂದರೆ ಅವನ ಹೆಸರು ಹಿಡಿದು, ಅಂಗಡಿಯ ಪಕ್ಕದ ಮೆಕ್ಯಾನಿಕ್ ತನ್ನ ಬೀಬಿಯನ್ನು ಕರೆದುಕೊಂಡು ಬಂದರೆ ಅವರ ಹೆಸರು ಹಿಡಿದು.

ನಾನು ಗೋಡೆಗೆ ಒರಗಿ ಕೂತಿರುತ್ತಿದ್ದೆ. ಕಣ್ಣಲ್ಲಿ ನೀರಿಲ್ಲ, ಬಾಯಲ್ಲಿ ದನಿಯಿಲ್ಲ. ಬಂದವರು ನನ್ನನ್ನೂ ತಬ್ಬಿಕೊಳ್ಳುತ್ತಿದ್ದರು. ಅವರ ಹೆಗಲ ಮೇಲೆ ಗದ್ದ ಇಟ್ಟುಕೊಂಡು ನಾನು ಅತ್ತೆಯವರ ಹಾಡನ್ನು ಕೇಳುತ್ತಿದ್ದೆ. ಕೆಲಸದ ಅಭ್ಯಾಸ, ಬಿಡುವುದಿಲ್ಲ. ಅದೇ ಸಾಲುಗಳು, ನಡುವೆ ಬಂದವರ ಹೆಸರಿಗೆ ಒಂದು ಜಾಗ. ಪೂರ್ತಿ ರೂಢಿಯ ಮಾತು. ನನ್ನ ನಿಯಮದ ಪ್ರಕಾರ ಯಾವುದೂ ಇಲ್ಲ ಎಂದು ಮನಸ್ಸಿನಲ್ಲೇ ಒತ್ತುತ್ತಿದ್ದೆ. ಆಮೇಲೆ ನಾಚಿಕೆಯೂ ಆಗುತ್ತಿರಲಿಲ್ಲ.

ಅಳದ ಸೊಸೆಯ ಸುದ್ದಿ ಹಾಲುತುಪ್ಪದ ಕಾರ್ಯ ಮುಗಿಯುವುದರೊಳಗೆ ಸುತ್ತಲಿನ ಐದೂ ತಾಲ್ಲೂಕು ಸುತ್ತಿ ಬಂತು. ಕಲಿತಾಕೆ, ಕಲ್ಲು ಮನಸ್ಸು ಎಂದು ಕೆಲವರು. ಆಘಾತ ಆಗಿರಬೇಕು, ಕಪಾಳಕ್ಕೆ ಒಂದು ಕೊಟ್ಟರೆ ಅಳು ಬರುತ್ತದೆ ಎಂದು ಇನ್ನು ಕೆಲವರು. ನನ್ನ ದೊಡ್ಡಮ್ಮ ಇದನ್ನು ನಿಜವಾಗಿ ಮಾಡಲು ಕೈ ಎತ್ತಿದ್ದಳು, ನಾನು ಆ ಕೈ ಹಿಡಿದು ಪಕ್ಕಕ್ಕೆ ಇಟ್ಟೆ. ಅತ್ತೆಯವರು ಮಾತ್ರ ಒಂದು ದಿನವೂ ಏನೂ ಅನ್ನಲಿಲ್ಲ. ಅವರ ಮೌನ ಉಳಿದವರ ಮಾತಿಗಿಂತ ಭಾರವಾಗಿತ್ತು. ಅವರೂ ಹಾಗೇ ಅಂದುಕೊಂಡಿದ್ದಾರೆ ಎಂದು ನಾನು ತಿಳಿದೆ.

ಕಾರ್ಯಗಳೆಲ್ಲ ಮುಗಿದ ಮೇಲೆ ಲ್ಯಾಪ್‌ಟಾಪ್ ತೆಗೆದೆ. ನನಗೆ ಮನೆಯಲ್ಲಿ ಕೆಲಸವಿತ್ತು ಎಂದಷ್ಟೇ ಪ್ರೊಫೆಸರಿಗೆ ಬರೆದಿದ್ದೆ. ಮೊದಲ ದಿನವೇ ಕೆಲಸ ಸರಾಗವಾಗಿ ಸಾಗಿತು. ಹಿಂದೆ ಒಂದೊಂದು ವಾಕ್ಯಕ್ಕೆ ತಲೆ ಕೆರೆದುಕೊಳ್ಳುತ್ತಿದ್ದೆ. ಈಗ ಓದಿದ ತಕ್ಷಣ ಉತ್ತರ ಹೊಳೆಯುತ್ತಿತ್ತು. ಕುಕ್ಕರ್ ಸುಟ್ಟಿತು: ನಡೆದದ್ದನ್ನು ಹೇಳಿದ್ದಾನೆ, ಯಾವುದೂ ಇಲ್ಲ. ಮದುವೆಗೆ ಕೊಂಡ ಬಟ್ಟೆ ಚೆನ್ನಾಗಿದೆ: ಯಾವುದೂ ಇಲ್ಲ. ಜನ ಸುಮ್ಮನೆ ದೊಡ್ಡ ಮಾತಾಡುತ್ತಾರೆ, ಅದರೊಳಗೆ ಹುಡುಕಿದರೆ ಏನೂ ಇರುವುದಿಲ್ಲ ಎಂಬುದು ನನಗೆ ಹೊಸದಾಗಿ ಕಂಡಂತಿತ್ತು. ಇಷ್ಟು ವರ್ಷಗಳಲ್ಲಿ ಇಷ್ಟು ಚೆನ್ನಾಗಿ ಕೆಲಸ ಮಾಡಿರಲಿಲ್ಲ ಎಂದೇ ನಾನು ನಂಬಿದ್ದೆ. ಮಧ್ಯಾಹ್ನದೊಳಗೆ ಮುಗಿಸಿ, ಅತ್ತೆಯವರಿಗೆ ಊಟಕ್ಕೆ ಬಡಿಸಿ, ಮತ್ತೆ ಕೂರುತ್ತಿದ್ದೆ.

ಕೆಲವು ವಾರ ಕಳೆದ ಮೇಲೆ ಪ್ರೊಫೆಸರ್ ವೀಡಿಯೊ ಕರೆ ಮಾಡಿದರು. ಕುಶಲ ಕೇಳಿ, ಸ್ವಲ್ಪ ಅಂಜುತ್ತಲೇ ಪರದೆಯ ಮೇಲೆ ಮೂವರ ಉತ್ತರಗಳ ಗೆರೆಗಳಿದ್ದ ಒಂದು ಪಟ ತೋರಿಸಿದರು. ಉಳಿದಿಬ್ಬರ ಉತ್ತರಗಳು ಎಂದಿನಂತೆ ಹೊಂದುತ್ತಿದ್ದವು. ನನ್ನದು ಇಬ್ಬರೊಂದಿಗೂ ಹೊಂದುತ್ತಿರಲಿಲ್ಲ. ನಾನು ಒತ್ತಿದ್ದೆಲ್ಲ ಒಂದೇ ಬಟನ್ ಆಗಿತ್ತು. ಮಾದರಿಗೆಂದು ಒಂದು ವಾಕ್ಯ ಓದಿದರು. ಕಿವಿಗೆ ಹಾಕುವ ಯಂತ್ರ ಕೊಂಡ ಯಾರೋ ಬರೆದದ್ದು: ‘ಎಷ್ಟೋ ವರ್ಷಗಳ ಮೇಲೆ ನಮ್ಮ ತಂದೆ ಮಳೆಯ ಸದ್ದು ಕೇಳಿದರು.’ ಉಳಿದಿಬ್ಬರು ಸಂತೋಷ ಒತ್ತಿದ್ದಾರೆ, ನಿಮಗೆ ಇದಕ್ಕೂ ಯಾವುದೂ ಇಲ್ಲವೇ ಎಂದು ಕೇಳಿದರು.

ನಾನು ವಾದಕ್ಕಿಳಿದೆ. ಅದರಲ್ಲಿ ಸಂತೋಷ ಎಂಬ ಮಾತು ಎಲ್ಲಿದೆ, ಮಳೆ ಬಂತು, ಯಂತ್ರ ಕೆಲಸ ಮಾಡಿತು, ಅಷ್ಟೇ ತಾನೇ ಎಂದೆ. ದನಿ ಏರಿಸಿಯೇ ಹೇಳಿದೆ ಎಂದು ನೆನಪು. ಅವರು ತಡೆಯದೆ ಪೂರ್ತಿ ಕೇಳಿದರು. ಆಮೇಲೆ, ಈ ವಾರಗಳ ಉತ್ತರಗಳನ್ನು ತೆಗೆದುಹಾಕಬೇಕಾಗುತ್ತದೆ, ಅದೇ ವಾಕ್ಯಗಳನ್ನು ಇನ್ನೊಮ್ಮೆ ನೋಡಿ, ಮತ್ತೆ ಹೀಗೇ ಬಂದರೆ ಬೇರೆಯವರನ್ನು ಹುಡುಕದೆ ದಾರಿಯಿಲ್ಲ ಎಂದರು. ನಿಮಗೆ ಏನಾದರೂ ಆಗಿದೆಯೇ ಎಂದೂ ಕೇಳಿದರು. ನಮ್ಮವರು ತೀರಿಹೋದರು ಎಂದು ಹೇಳಿದೆ. ಪ್ರೊಫೆಸರ್ ಬಾಯಿಗೆ ಕೈ ಅಡ್ಡ ಹಿಡಿದರು. ಆಮೇಲೆ, ಇದೇ ನಿಮ್ಮ ಕೊನೆಯ ದುಃಖವಾಗಲಿ ಎಂದರು. ಅದನ್ನು ಹೇಳುವಾಗ ಅವರ ಕಣ್ಣು ತುಂಬಿತ್ತು. ರಜೆ ಬೇಕೇ ಎಂದು ಕೇಳಿದರು. ಬೇಡ ಎಂದೆ.

ಕರೆ ಮುಗಿದ ಮೇಲೆ ನನಗೆ ಹೆದರಿಕೆಯಾಯಿತು. ಕೆಲಸ ಹೋದರೆ ಇನ್ನೊಂದು ಸಿಗಬಹುದು. ಆದರೆ ಊರವರು ಬಾಯಲ್ಲಿ ಹೇಳಿದ್ದನ್ನೇ ಈಗ ಲೆಕ್ಕವೂ ಹೇಳಿತ್ತು. ಇಪ್ಪತ್ತು ವರ್ಷ ಜೊತೆಗಿದ್ದವರು ಹೋಗಿದ್ದಾರೆ, ನನ್ನೊಳಗೆ ಕೈ ಹಾಕಿ ನೋಡಿದರೆ ಏನೂ ಸಿಗುತ್ತಿಲ್ಲ. ಈಗ ಇಲ್ಲ ಎಂದರೆ ಮೊದಲೂ ಇರಲಿಲ್ಲವೇ? ಅವರನ್ನು ನಾನು ಪ್ರೀತಿಸಿರಲೇ ಇಲ್ಲವೇ? ಈ ಪ್ರಶ್ನೆಯನ್ನು ಯಾರಿಗೆ ಕೇಳುವುದೆಂದು ತಿಳಿಯಲಿಲ್ಲ. ಉತ್ತರ ಗೊತ್ತಿದ್ದ ಒಬ್ಬರು ಹೊಲದಲ್ಲಿ ಮಣ್ಣಿನೊಳಗಿದ್ದರು.

ಮರುದಿನ ಮಧ್ಯಾಹ್ನ ಪಡಸಾಲೆಯಲ್ಲಿ ಕೂತು ಹಳೆಯ ವಾಕ್ಯಗಳನ್ನು ಮತ್ತೆ ತೆಗೆದೆ. ಮಳೆಯ ವಾಕ್ಯವೇ ಮೊದಲು ಬಂತು. ಸಂತೋಷ ಒತ್ತಬೇಕೆಂದು ಗೊತ್ತಿತ್ತು, ಪ್ರೊಫೆಸರ್ ಹೇಳಿದ್ದರಲ್ಲ. ಆದರೆ ಹೇಳಿಸಿಕೊಂಡು ಒತ್ತಿದರೆ ಅದು ಕಾಪಿ ಹೊಡೆದಂತೆ. ಅತ್ತೆಯವರು ಎದುರಿಗೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಏನೋ ಮಂಕು ಹಿಡಿದವಳ ಹಾಗೆ, ಆ ವಾಕ್ಯವನ್ನು ಕನ್ನಡದಲ್ಲಿ ಅವರಿಗೆ ಹೇಳಿ, ಬರೆದವನಿಗೆ ಏನನ್ನಿಸಿರಬೇಕು ಎಂದು ಕೇಳಿದೆ. ಸಿಟ್ಟು ಎಂದರು. ಅಪ್ಪನ ಕಿವಿಗೆ ಯಂತ್ರ ತರಲು ಇಷ್ಟು ವರ್ಷ ಮಾಡಿದ್ದಾನಲ್ಲ ಎಂದು ಅವರಿಗೇ ಅವನ ಮೇಲೆ ಸಿಟ್ಟು ಬಂದಿತ್ತು. ಇನ್ನೊಂದು ಹೇಳಿದೆ, ಅದಕ್ಕೂ ಸಿಟ್ಟು. ಕುಕ್ಕರ್ ಕೊಂಡವಳಿಗೆ ಬುದ್ಧಿಯಿಲ್ಲ ಎಂದರು. ಇವರ ಉತ್ತರ ಕಳಿಸಿದರೆ ಆ ಪಟದಲ್ಲಿ ನನ್ನ ಗೆರೆ ನೆಲದೊಳಗೆ ಹೋಗುತ್ತಿತ್ತು.

ಆಮೇಲೆ ಒಂದು ಹೊದಿಕೆಯ ಬಗ್ಗೆ ಬಂತು. ಹೆಂಗಸು ಬರೆದದ್ದು. ‘ಮಗನಿಗೆ ಕೊಂಡೆ, ಬೆಚ್ಚಗಿದೆ ಎಂದ’ ಎಂದಷ್ಟೇ ಇತ್ತು. ಇದನ್ನು ಹೇಳಬಾರದಿತ್ತು ಎಂದು ಹೇಳಿದ ಮೇಲೆ ಹೊಳೆಯಿತು. ಅತ್ತೆಯವರು ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಅದರಾಗ ಏನೂ ಇಲ್ಲ" ಎಂದರು. ಇನ್ನೆರಡು ಕಾಯಿ ಬಿಡಿಸಿ, "ನನ್ನಾಗೂ ಏನೂ ಇಲ್ಲವ್ವಾ" ಎಂದರು.

ನಾನು ಪರದೆಯಿಂದ ಕಣ್ಣೆತ್ತಿ ಅವರನ್ನು ನೋಡಿದೆ.

"ಬಂದೋರು ಬಂದಾರಂತ ಹಾಡ್ತೀನಿ. ಬಾಯಿ ತಾನ ಹಾಡ್ತೈತಿ. ಒಳಗ ನೋಡಿದ್ರ ಎಲ್ಲಾ ಒಣಗೇತಿ. ಹಡದಾಕಿ ನಾನು, ಹಿಂಗಾದ್ರ ಹೆಂಗ ಅಂತ ಯಾರ ಮುಂದ ಹೇಳ್ಲಿ? ನೀ ಗ್ವಾಡಿಗೆ ಕುಂತಿದ್ದಿ ನೋಡು, ಅಳದಂಗ. ನಿನ್ನ ನೋಡೇ ನಾ ತಡಕೊಂಡೆ. ಇನ್ನೊಬ್ಬಾಕಿ ಅದಾಳ ನನ್ನಂಗ ಅಂತ."

ಇಷ್ಟು ದಿನ ಅವರು ಏನೂ ಅನ್ನದೆ ನನ್ನನ್ನು ನೋಡುತ್ತಿದ್ದದ್ದು ಇದಕ್ಕೆ. ನಾನು ಬೇರೇನೋ ಓದಿಕೊಂಡಿದ್ದೆ. ಲ್ಯಾಪ್‌ಟಾಪ್ ಮುಚ್ಚಿ ಅವರ ಪಕ್ಕ ಕೂತು ಅವರೆಕಾಯಿಗೆ ಕೈ ಹಾಕಿದೆ. ಇಬ್ಬರೂ ಸೇರಿ ಎಲ್ಲವನ್ನೂ ಬಿಡಿಸಿ ಮುಗಿಸಿದೆವು. ಇಬ್ಬರಿಗೆ ಅಷ್ಟು ಕಾಳು ಬೇಕಿರಲಿಲ್ಲ.

ಸಂಜೆ ಪ್ರೊಫೆಸರಿಗೆ ಬರೆದೆ. ಸದ್ಯಕ್ಕೆ ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆ ಎಂದು ಹೇಳುವ ಸ್ಥಿತಿಯಲ್ಲಿ ನಾನಿಲ್ಲ, ನನ್ನ ಉತ್ತರಗಳನ್ನು ತೆಗೆದುಹಾಕಿ, ಬೇರೆಯವರನ್ನು ನೋಡಿಕೊಳ್ಳಿ ಎಂದೆ. ಅವರು ಒತ್ತಾಯ ಮಾಡಲಿಲ್ಲ. ನನ್ನ ಜಾಗಕ್ಕೆ ಒಬ್ಬ ವಿದ್ಯಾರ್ಥಿನಿಯನ್ನು ತೆಗೆದುಕೊಂಡ ಸುದ್ದಿ ಆಮೇಲೆ ಬಂತು. ಇಷ್ಟು ವರ್ಷದ ಕೆಲಸ ಹಾಗೆ ಕೈಬಿಟ್ಟುಹೋಯಿತು. ಅದಕ್ಕೂ ನನಗೆ ಏನೂ ಅನ್ನಿಸಲಿಲ್ಲ, ಆದರೆ ಈಗ ಅದರಿಂದ ಹೆದರಿಕೆಯಾಗಲಿಲ್ಲ.

ತಿಂಗಳು ಕಳೆದ ಮೇಲೆ ಹಡಗಲಿಯಿಂದ ಅತ್ತೆಯವರ ತಂಗಿ ಬಂದರು. ಸೊಂಟದ ಆಪರೇಷನ್ ಆಗಿ ಹಾಸಿಗೆ ಹಿಡಿದಿದ್ದವರು, ಮಣ್ಣಿಗೂ ಬಂದಿರಲಿಲ್ಲ, ಕಾರ್ಯಕ್ಕೂ ಬಂದಿರಲಿಲ್ಲ. ಸೊಸೆಯಂದಿರು ಹಿಡಿದುಕೊಂಡು ಆಟೋದಿಂದ ಇಳಿಸಿದರು. ಅಕ್ಕಪಕ್ಕದ ಹೆಂಗಸರು ಬಾಗಿಲಲ್ಲಿ ಸೇರಿದರು. ತಂಗಿ ಹೊಸ್ತಿಲು ದಾಟಿದರು. ನಮ್ಮ ಅತ್ತೆಯವರು ಎಂದಿನ ಜಾಗದಲ್ಲಿ ಕೂತಿದ್ದರು, ಬಾಯಿ ತೆರೆದರು. ದನಿ ಬರಲಿಲ್ಲ. ಮತ್ತೆ ತೆರೆದರು. ಬಂದವರು ನಡುಮನೆಯಲ್ಲಿ ನಿಂತೇ ಇದ್ದರು. ಮನೆಯವರು ಯಾರೂ ದನಿ ಎತ್ತದೆ ಅವರು ಕೂರುವಂತಿಲ್ಲ, ಅತ್ತುಕೊಳ್ಳುವಂತೆಯೂ ಇಲ್ಲ. ಅತ್ತೆಯವರು ನನ್ನ ಕಡೆ ನೋಡಿದರು. ಸಿಕ್ಕಿಬಿದ್ದವರ ನೋಟ ಅದು. ಹೆತ್ತವಳು ಹಾಡಲಿಲ್ಲವೆಂದು ಇನ್ನು ಐದೂ ತಾಲ್ಲೂಕು ಅವರನ್ನು ಸುತ್ತಿಕೊಳ್ಳುವುದಿತ್ತು.

ನಾನು ಗೋಡೆ ಬಿಟ್ಟು ಎದ್ದು ಬಂದು ಅವರ ಪಕ್ಕ ಕೂತೆ. "ಏಳ್ರಿ, ಹಡಗಲಿ ಚಿಕ್ಕವ್ವ ಬಂದಾಳ" ಎಂದು ರಾಗ ಎತ್ತಿದೆ. ನನ್ನದು ಒಡಕು ದನಿ, ಮೊದಲ ಸಾಲು ದಾರಿ ತಪ್ಪಿತು. ಎರಡನೆಯದು ಕೂತಿತು. ಕಾಲಿಗೆ ನೀರು ಕೊಡ್ರಿ, ಕುಂತಕೊಳ್ಳಾಕ ಹಾಸ್ರಿ, ನಡಿಯಾಕ ಬರವಲ್ದು ಆಕಿಗೆ, ಕೈ ಹಿಡೀರಿ ಎಂದು ಕೇಳಿ ಕೇಳಿ ಬಾಯಿಗೆ ಬಂದಿದ್ದ ಸಾಲುಗಳನ್ನೆಲ್ಲ ಹಾಡಿದೆ. ಚಿಕ್ಕವ್ವ ನನ್ನ ಕೊರಳಿಗೆ ಬಿದ್ದು ಹೋ ಎಂದು ಅತ್ತರು. ಬಾಗಿಲಲ್ಲಿದ್ದ ಹೆಂಗಸರೆಲ್ಲ ಸೆರಗು ಕಣ್ಣಿಗೆ ಒತ್ತಿದರು. ಯಾರೋ ಸಾಕವ್ವ ಎನ್ನುವ ತನಕ ನಾನು ನಿಲ್ಲಿಸಲಿಲ್ಲ.

ಅಂತೂ ಸೊಸೆ ಅಳಲು ಕಲಿತಳು, ಒಳಗಿದ್ದದ್ದು ಹೊರಗೆ ಬಂತು ಎಂದು ಚಹಾ ಕುಡಿಯುವಾಗಲೇ ಮಾತು ಶುರುವಾಯಿತು. ಚಿಕ್ಕವ್ವ ನನ್ನ ತಲೆ ಸವರಿ, ಎದೆ ಹಗುರಾಯಿತೇ ಎಂದು ಕೇಳಿದರು. ಹೂಂ ಎಂದೆ. ನನ್ನ ಕೆನ್ನೆ ಒದ್ದೆಯಾಗಿತ್ತು, ಅದು ಅವರದೇ ಕಣ್ಣೀರು. ಅತ್ತೆಯವರಿಗೆ ಅದು ಗೊತ್ತಿತ್ತು. ಹಾಡು ಮುಗಿದು ಎಲ್ಲರೂ ಚಹಾ ಕುಡಿದು ಎದ್ದು ಹೋಗುವವರೆಗೂ ಅವರು ಸೆರಗಿನ ಮರೆಯಲ್ಲಿ ನನ್ನ ಕೈ ಹಿಡಿದುಕೊಂಡೇ ಇದ್ದರು.